ಅಜ್ಜಿಯ ಎಂಆರ್‌ಐ ಅಳೆಯೋಕೆ ಯಾರ ಅಳತೆಗೋಲು?

ಶಿವನಿಯಿಂದ ಮಾತಾಡ್ತಿದ್ದೀನಿ. ನಮ್ಮ ಕಡೆ ಎಂಆರ್‌ಐ ಅಂದ್ರೆ ಒಂದು ದೊಡ್ಡ ಕವರ್, ಒಳಗೆ ಕಪ್ಪು ಫಿಲ್ಮ್, ಜೊತೆಗೊಂದು ಇಂಗ್ಲಿಷ್ ರಿಪೋರ್ಟ್. ಅದರಲ್ಲಿ ‘ವಯಸ್ಸಿಗೆ ತಕ್ಕಂತೆ ಮೆದುಳು ಕುಗ್ಗಿದೆ’ ಅಂತ ಇದ್ರೆ ಮನೆಯವರಿಗೆಲ್ಲ ಗಾಬರಿ. ಅಜ್ಜಿಯ ಮರೆವು ಬರೀ ವಯಸ್ಸಿನದಾ, ಕಾಯಿಲೆಯದಾ? ಅಸಲಿಗೆ ‘ವಯಸ್ಸಿಗೆ ತಕ್ಕಂತೆ’ ಅನ್ನೋದನ್ನ ಅಳೆಯೋದು ಹೇಗೆ?

ಮೊದಲನೇದಾಗಿ, ಎಂಆರ್‌ಐ ಫೋಟೊ ಅಲ್ಲ, ಲೆಕ್ಕ. ಯಂತ್ರ ತಲೆಯನ್ನ ಪುಟ್ಟ ಪುಟ್ಟ ಘನಗಳಾಗಿ ಅಳೆದು, ಒಂದೊಂದಕ್ಕೂ ಒಂದು ಸಂಖ್ಯೆ ಕೊಡುತ್ತೆ. ಘನ 1 ಮಿಲಿಮೀಟರ್‌ನಷ್ಟಿದ್ರೆ, ತಲೆ ಸುತ್ತಲಿನ ಖಾಲಿ ಜಾಗವೂ ಸೇರಿ ಒಂದು ಕೋಟಿಗೂ ಹೆಚ್ಚು ಸಂಖ್ಯೆ ಬರಬಹುದು. ಆ ಸಂಖ್ಯೆಗಳಿಗೆ ಕಪ್ಪು, ಬೂದು, ಬಿಳಿ ಹಚ್ಚೋದು ಕಂಪ್ಯೂಟರ್. ಫಿಲ್ಮ್ ಮೇಲೆ ಕಾಣೋದು ಅದರಲ್ಲಿ ಕೆಲವೇ ಪದರ.

ಎರಡನೇದು ಹೋಲಿಕೆ. ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್ ಸಾಮಾನ್ಯವಾಗಿ ಅನುಭವದ ಕಣ್ಣಳತೆಯಿಂದ ಹೇಳ್ತಾರೆ. ಸಾವಿರಾರು ಸ್ಕ್ಯಾನ್ ಹೋಲಿಸೋ ಸಂಶೋಧಕರಿಗೆ ಅದು ಸಾಲಲ್ಲ. ಅವರು ಹಲವರ ಸ್ಕ್ಯಾನ್ ಸೇರಿಸಿ ಒಂದು ಸರಾಸರಿ ನಕ್ಷೆ ಮಾಡ್ತಾರೆ. ಆಮೇಲೆ ಪ್ರತಿಯೊಬ್ಬರ ಮೆದುಳನ್ನೂ ಎಳೆದು, ಕುಗ್ಗಿಸಿ ಅದಕ್ಕೆ ಹೊಂದಿಸ್ತಾರೆ. ಜಗತ್ತಿನಲ್ಲಿ ತುಂಬ ಬಳಕೆಯಲ್ಲಿರೋದು ಕೆನಡಾದ ಮಾಂಟ್ರಿಯಲ್‌ನ ನಕ್ಷೆ. 152 ಯುವ ವಯಸ್ಕರ ಸರಾಸರಿ ಅದು. ನಮ್ಮ ಅಜ್ಜಿ ಅದರಲ್ಲಿ ಎಲ್ಲಿ ಬಂದ್ರು ಹೇಳಿ?

ಈ ಕೊರತೆ ತುಂಬೋ ಕೆಲಸ ನಮ್ಮಲ್ಲೇ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರಿದ್ದ ತಂಡ 2020ರಲ್ಲಿ ಭಾರತೀಯರದ್ದೇ ಐದು ನಕ್ಷೆ ಪ್ರಕಟಿಸಿತು, 6ರಿಂದ 60 ವರ್ಷದವರಿಗೆ. ನಮ್ಮವರ ಸ್ಕ್ಯಾನ್ ಇವಕ್ಕೆ ಅಷ್ಟು ಎಳೆದಾಡದೇ ಹೊಂದುತ್ತೆ.

ಅರವತ್ತು ದಾಟಿದವರ ಗತಿ? ಅದಕ್ಕೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ನೋಡಿ. ಐಐಎಸ್‌ಸಿ ಆವರಣದಲ್ಲಿರೋ ಸೆಂಟರ್ ಫಾರ್ ಬ್ರೈನ್ ರಿಸರ್ಚ್ 2018ರಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಅಧ್ಯಯನ ಶುರು ಮಾಡ್ತು. 45 ದಾಟಿದ 10,000 ಜನರ ಆರೋಗ್ಯವನ್ನ ವರ್ಷಗಟ್ಟಲೆ ಗಮನಿಸೋದು ಗುರಿ. ರಕ್ತ ಪರೀಕ್ಷೆ, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲ ಇದೆ. ಹೊಲದಲ್ಲಿ ದುಡಿದವರ ಮೆದುಳಿಗೆ ವಯಸ್ಸಾಗೋದು ಹೇಗೆ ಅಂತ ಅವರನ್ನೇ ನೋಡಿ ತಿಳಿಯೋ ಪ್ರಯತ್ನ ಇದು.

ನಾನು ಬಿ.ಕಾಂ. ಓದಿದವನು, ಹಾಗಾಗಿ ನಮ್ಮ ಲೆಕ್ಕದ ಭಾಷೇಲೇ ಹೇಳ್ತೀನಿ. ಬ್ಯಾಲೆನ್ಸ್ ಶೀಟಲ್ಲಿ ಈ ವರ್ಷದ ಪಕ್ಕ ಹೋದ ವರ್ಷದ ಅಂಕಿನೂ ಇರುತ್ತೆ, ಯಾಕೆ? ಒಂದೇ ಅಂಕಿ ನೋಡಿದ್ರೆ ಏರಿದೆಯಾ, ಇಳಿದಿದೆಯಾ ಗೊತ್ತಾಗಲ್ಲ. ಮೆದುಳಿಗೂ ಅಷ್ಟೇ. ಅಜ್ಜಿಗೆ ಹತ್ತಿರದ ಅಳತೆಗೋಲು ಅವರದ್ದೇ ಹಳೇ ಸ್ಕ್ಯಾನ್.

ಅದಕ್ಕೇ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೊರಟಾಗ ಹಳೇ ಕವರ್ ಬಿಟ್ಟು ಹೋಗ್ಬೇಡಿ. ಫಿಲ್ಮ್ ಜೊತೆ ಸಿಡಿನೂ ಕೇಳಿ ತಗೊಳ್ಳಿ, ಎಲ್ಲ ಪದರ ಇರೋದು ಅದರಲ್ಲಿ. ವಾಟ್ಸಾಪಲ್ಲಿ ಕಳಿಸೋ ಫಿಲ್ಮ್ ಫೋಟೊ ಅದಕ್ಕೆ ಸಾಟಿ ಅಲ್ಲ. ಇನ್ನೊಂದು, ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತೆ. ಇವಕ್ಕೆ ಚಿಕಿತ್ಸೆ ಇದೆ, ಆದ್ರೆ ಫಿಲ್ಮ್ ನೋಡಿ ಇವನ್ನ ಹೇಳೋಕಾಗಲ್ಲ. ರಿಪೋರ್ಟಿನ ಒಂದು ಸಾಲು ಓದಿ ‘ವಯಸ್ಸಾಯ್ತು ಬಿಡು’ ಅಂತ ಅಜ್ಜಿನ ಮೂಲೆಗೆ ಕೂರಿಸ್ಬೇಡಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.