ಒಂದೇ ವಾರ, ಎರಡು ಅಖಾಡ



ವಾರ್ತಾಪತ್ರಕ್ಕೆ ವಾಣಿಜ್ಯ ವಿಭಾಗದಿಂದ ಒಂದು ಲೇಖನ ಕೊಡು ಎಂದು ಅರ್ಥಶಾಸ್ತ್ರದ ಸರ್ ಹೇಳಿದಾಗ, ಜಿಎಸ್‌ಟಿ ಬಗ್ಗೆ ಬರೆಯುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಎರಡು ದಿನ ಕೂತರೂ ನಾಲ್ಕು ಸಾಲು ದಾಟಲಿಲ್ಲ. "ನಿನಗೆ ಚೆನ್ನಾಗಿ ಗೊತ್ತಿರುವ ವಿಷಯ ಬರಿ" ಎಂದರು ಸರ್. ನನಗೆ ಚೆನ್ನಾಗಿ ಗೊತ್ತಿರುವುದು ಟಿವಿ ಕುಸ್ತಿ. ನಗಬೇಡಿ. ಪಠ್ಯಪುಸ್ತಕದ ಪೈಪೋಟಿ ಮತ್ತು ಏಕಸ್ವಾಮ್ಯದ ಪಾಠ ನನಗೆ ಅರ್ಥವಾದದ್ದು ಅದರಿಂದಲೇ. ಅದರ ಬೆಲೆ ತಿಳಿದದ್ದು ಮಾತ್ರ ನಮ್ಮ ಕಾಫಿ ಕಣದಲ್ಲಿ.

ನಮ್ಮ ಮನೆ ಕೊಟ್ಟಿಗೆಹಾರದಿಂದ ಕಳಸದ ಕಡೆ ಹೋಗುವ ದಾರಿಯಲ್ಲಿದೆ. ಕಾಲೇಜಿಗಾಗಿ ವಾರವೆಲ್ಲ ಚಿಕ್ಕಮಗಳೂರಿನ ಖಾಲಾ ಮನೆಯಲ್ಲಿ ಇರುತ್ತೇನೆ. ಖಾಲಾ ಮಗ ಭಾಯ್‌ಗೆ ಎಇಡಬ್ಲ್ಯು ಎಂದರೆ ಪ್ರಾಣ, ನನಗೆ ಡಬ್ಲ್ಯುಡಬ್ಲ್ಯುಇ. ಪ್ರೈಮರಿ ಶಾಲೆಯಲ್ಲಿ ಎತ್ತರ, ತೂಕ, ಎದೆಯ ಸುತ್ತಳತೆ, ರ‍್ಯಾಂಕ್ ಅಚ್ಚಾಗಿದ್ದ ಆ ಇಸ್ಪೀಟಿನಂಥ ಕಾರ್ಡುಗಳನ್ನು ಆಡಿದವರಿಗೆ ನನ್ನ ಪಕ್ಷ ಯಾವುದೆಂದು ಹೇಳಬೇಕಾಗಿಲ್ಲ. ಅಮೆರಿಕದ ಸೋಮವಾರ ರಾತ್ರಿಯ 'ರಾ' ನಮಗೆ ಮಂಗಳವಾರ ಬೆಳಿಗ್ಗೆ, ಬುಧವಾರ ರಾತ್ರಿಯ 'ಡೈನಮೈಟ್' ಗುರುವಾರ ಬೆಳಿಗ್ಗೆ. ಫಜರ್ ನಮಾಜ್ ಮುಗಿಸಿ ಯೂಟ್ಯೂಬ್‌ನಲ್ಲಿ ತುಣುಕು ನೋಡಿ, ಈ ವಾರ ಯಾರದು ಮೇಲು ಎಂದು ಚಹಾ ಆರುವವರೆಗೆ ಜಗಳ. "ನಿಮ್ಮ ಕಂಪನಿ ಬಾಗಿಲು ಹಾಕುವ ದಿನ ನಾನು ಬಿರಿಯಾನಿ ಕೊಡಿಸ್ತೀನಿ" ಎಂದು ನಾನು ಅವನಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಇದು ನಿಜವೋ ಸುಳ್ಳೋ?

ಮೊದಲು ಈ ಪ್ರಶ್ನೆ ಮುಗಿಸೋಣ. ಯಾರು ಗೆಲ್ಲಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಬೀಳುವುದು, ಏಳುವುದು, ನೋವು ಮಾತ್ರ ನಿಜ. ಮೈಸೂರು ದಸರಾದಲ್ಲಿ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಡೆಯುವ ನಾಡಕುಸ್ತಿ ಬೇರೆ. ಅಲ್ಲಿ ಮೊದಲೇ ಜೋಡಿ ಕಟ್ಟುತ್ತಾರೆ, ಆದರೆ ಫಲಿತಾಂಶವನ್ನು ಮಟ್ಟಿಯೇ ಹೇಳಬೇಕು. ಕುಸ್ತಿ, ಪೈಲ್ವಾನ್, ಉಸ್ತಾದ್ ಎಂಬ ಪದಗಳು ಪಾರ್ಸಿಯಿಂದ ಬಂದು ಗರಡಿ ಮನೆಯಲ್ಲಿ ಕನ್ನಡವೇ ಆಗಿಬಿಟ್ಟಿವೆ. ನಮ್ಮ ಮನೆಮಾತಿನ ಪದಗಳು ಇಲ್ಲಿ ಹೀಗೆ ಬೇರು ಬಿಟ್ಟಿರುವುದು ನನಗೆ ಖುಷಿ.

ಟಿವಿ ಕುಸ್ತಿಯನ್ನು ಹೋಲಿಸಬೇಕಾದದ್ದು ಯಕ್ಷಗಾನದ ಜೊತೆ. ಕಂಸ ಸಾಯುತ್ತಾನೆ ಎಂದು ಊರಿಗೆಲ್ಲ ಗೊತ್ತು. ಆದರೂ ಮೇಳ ಬಂದರೆ ಜನ ಬೆಳಗಿನವರೆಗೆ ಕೂರುತ್ತಾರೆ. ಏನಾಗುತ್ತದೆ ಎಂಬುದಕ್ಕಿಂತ ಹೇಗೆ ಆಗುತ್ತದೆ ಎಂಬುದಕ್ಕಾಗಿ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲ ವಾರ: ಸೆಪ್ಟೆಂಬರ್ 1995

ಡಬ್ಲ್ಯುಡಬ್ಲ್ಯುಇಗೆ ಆಗ ಡಬ್ಲ್ಯುಡಬ್ಲ್ಯುಎಫ್ ಎಂದು ಹೆಸರು. 1993ರ ಜನವರಿಯಿಂದ ಅದರ 'ರಾ' ಪ್ರತಿ ಸೋಮವಾರ ಪ್ರಸಾರವಾಗುತ್ತಿತ್ತು. 1995ರ ಸೆಪ್ಟೆಂಬರ್ 4ರಂದು ಟೆಡ್ ಟರ್ನರ್ ಅವರ ಟಿಎನ್‌ಟಿ ಚಾನೆಲ್ಲಿನಲ್ಲಿ ಡಬ್ಲ್ಯುಸಿಡಬ್ಲ್ಯು ಕಂಪನಿಯ 'ನೈಟ್ರೊ' ಶುರುವಾಯಿತು. ದಿನವೂ ಅದೇ, ಹೊತ್ತೂ ಅದೇ. ಮಿನೆಸೋಟದ ಒಂದು ದೊಡ್ಡ ಮಾಲ್‌ನೊಳಗೆ ನಡೆದ ಆ ಮೊದಲ ಕಂತಿಗೆ ಲೆಕ್ಸ್ ಲೂಗರ್ ನಡೆದು ಬಂದ. ಹಿಂದಿನ ದಿನವಷ್ಟೇ ಅವನು ಎದುರಾಳಿ ಕಂಪನಿಗಾಗಿ ಕುಸ್ತಿ ಆಡಿದ್ದ! ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಪಕ್ಕದಂಗಡಿಯ ಅಡುಗೆಯವನನ್ನು ರಾತ್ರೋರಾತ್ರಿ ಕರೆದು ತಂದು ನಮ್ಮ ಹೋಟೆಲಿನ ಬಾಗಿಲಲ್ಲೇ ನಿಲ್ಲಿಸಿದಂತೆ.

'ನೈಟ್ರೊ' ನೇರಪ್ರಸಾರ. 'ರಾ'ದ ಎಷ್ಟೋ ಕಂತುಗಳು ಮೊದಲೇ ಮುದ್ರಿತ. ಹಾಗಾಗಿ 'ನೈಟ್ರೊ' ನಡೆಸುತ್ತಿದ್ದ ಎರಿಕ್ ಬಿಷಾಫ್ ತನ್ನ ಕಾರ್ಯಕ್ರಮದಲ್ಲೇ 'ರಾ'ದ ಫಲಿತಾಂಶ ಹೇಳಿಬಿಡುತ್ತಿದ್ದರು. ಗೊತ್ತಾದ ಮೇಲೆ ಯಾರು ನೋಡುತ್ತಾರೆ ಎಂಬ ಲೆಕ್ಕಾಚಾರ. 1996ರ ಜುಲೈಯಲ್ಲಿ, ಅಲ್ಲಿಯವರೆಗೆ ಮಕ್ಕಳ ಹೀರೋ ಆಗಿದ್ದ ಹಲ್ಕ್ ಹೋಗನ್ ಖಳನಾದಾಗ ನೋಡುಗರು ಆ ಕಡೆಗೇ ವಾಲಿದರು. 1996ರ ಜೂನ್‌ನಿಂದ ಸತತ 83 ವಾರ 'ನೈಟ್ರೊ'ದೇ ಮೇಲುಗೈ. 1998ರ ಏಪ್ರಿಲ್ 13ರಂದು 'ರಾ'ಗೆ 4.6, 'ನೈಟ್ರೊ'ಗೆ 4.3 ರೇಟಿಂಗ್ ಬಂದು ಆ ಸರಣಿ ಮುರಿಯಿತು. 4.6 ಎಂದರೆ ಆ ಚಾನೆಲ್ ಬರುವ ನೂರು ಮನೆಗಳಲ್ಲಿ ಸರಾಸರಿ ನಾಲ್ಕೂವರೆಗಿಂತ ತುಸು ಹೆಚ್ಚು ಮನೆಗಳು ನೋಡುತ್ತಿದ್ದವು ಎಂದರ್ಥ. ನಮ್ಮಲ್ಲಿ ಕಲರ್ಸ್ ಕನ್ನಡ, ಜೀ ಕನ್ನಡದ ಧಾರಾವಾಹಿಗಳು ಪ್ರತಿ ವಾರ ಕಾಯುವ ಟಿಆರ್‌ಪಿಯೂ ಇದೇ ಜಾತಿಯದು. ಜಾಹೀರಾತಿನ ದರ ಅದರ ಮೇಲೆ ನಿಂತಿದೆ. ಹಾಗಾಗಿ ಪೈಲ್ವಾನರು ಹೊಡೆದಾಡುವುದು ಬೆಲ್ಟಿಗಾಗಿ ಎಂದು ಕಂಡರೂ, ಕಂಪನಿಗಳು ಹೊಡೆದಾಡುವುದು ಈ ದಶಾಂಶಗಳಿಗಾಗಿ.

ಎರಡನೇ ವಾರ: ಜನವರಿ 1999

1999ರ ಜನವರಿ 4ರ ಸೋಮವಾರ ಎರಡೂ ಕಾರ್ಯಕ್ರಮಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಅಧ್ಯಾಯದ ಪಾಠ ಸಿಗುತ್ತದೆ.

'ರಾ'ದಲ್ಲಿ ಅಂದು ಮಿಕ್ ಫೋಲಿ ಮೊದಲ ಬಾರಿ ಚಾಂಪಿಯನ್ ಆಗುವುದಿತ್ತು. ಸುಂದರಾಂಗನಲ್ಲ, ಕಟ್ಟುಮಸ್ತಾದ ಮೈಯಲ್ಲ, ವರ್ಷಗಟ್ಟಲೆ ಪೆಟ್ಟು ತಿಂದು ಮೇಲೆ ಬಂದವನು. ಕಂತು ಮೊದಲೇ ಮುದ್ರಿತವಾಗಿತ್ತು. 'ನೈಟ್ರೊ'ದ ನಿರೂಪಕ ಎಂದಿನಂತೆ ಫಲಿತಾಂಶ ಹೇಳಿ, ಇವನು ಗೆದ್ದರೆ ಟಿಕೆಟ್ ಮಾರಾಟವಾಗುತ್ತದೆಯೇ ಎಂಬಂತೆ ವ್ಯಂಗ್ಯವಾಡಿದರು. ಆಮೇಲೆ ಆದದ್ದು ಉಲ್ಟಾ. ಸುಮಾರು ಆರು ಲಕ್ಷ ಜನ ಅಲ್ಲಿಂದ 'ರಾ'ಗೆ ಚಾನೆಲ್ ತಿರುಗಿಸಿದರು ಎನ್ನುತ್ತಾರೆ. ಯಕ್ಷಗಾನದ ಮಾತು ನೆನಪಿದೆಯಲ್ಲ? ಫಲಿತಾಂಶ ಗೊತ್ತಾದದ್ದಕ್ಕೇ ಜನ ನೋಡಲು ಹೋದರು.

ಅದೇ ರಾತ್ರಿ 'ನೈಟ್ರೊ'ದಲ್ಲಿ ಕೊನೆಯ ಪಂದ್ಯ ಹೋಗನ್ ಮತ್ತು ಕೆವಿನ್ ನ್ಯಾಶ್ ನಡುವೆ. ಹೋಗನ್ ಒಂದು ಬೆರಳಿನಿಂದ ಎದೆಗೆ ಚುಚ್ಚಿದ, ನ್ಯಾಶ್ ದೊಪ್ಪನೆ ಬಿದ್ದ, ಪಂದ್ಯ ಮುಗಿಯಿತು. ದುಡ್ಡು ಕೊಟ್ಟು ಬಂದಿದ್ದ ಜನರಿಗೆ ಅದು ತಮಾಷೆಯಾಗಿ ಕಾಣಲಿಲ್ಲ, ಮೋಸವಾಗಿ ಕಂಡಿತು. ಆ ವಾರದ ರೇಟಿಂಗ್ 'ರಾ' 5.7, 'ನೈಟ್ರೊ' 5.0. ಆಟ ಕಟ್ಟಿದ್ದು ಎಂದು ಗೊತ್ತಿದ್ದರೂ ನೋಡುಗ ಒಂದು ನಂಬಿಕೆ ಇಟ್ಟು ಕೂತಿರುತ್ತಾನೆ. ಲೆಕ್ಕಶಾಸ್ತ್ರದಲ್ಲಿ ಅದನ್ನೇ ಗುಡ್‌ವಿಲ್ ಎನ್ನುತ್ತೇವೆ. ಕಣ್ಣಿಗೆ ಕಾಣದ ಆಸ್ತಿ, ಆದರೆ ಒಂದು ಬೆರಳಿಗೆ ಬೀಳುತ್ತದೆ.

ಈ ಪೈಪೋಟಿ ಕಾವೇರಿದ್ದ ಕಾಲದಲ್ಲೇ, 1999ರ ಮೇ 23ರಂದು, ಓವನ್ ಹಾರ್ಟ್ ಎಂಬ ಪೈಲ್ವಾನ್ ಛಾವಣಿಯಿಂದ ಹಗ್ಗದಲ್ಲಿ ಇಳಿಯುವ ಸಾಹಸದಲ್ಲಿ ಬಿದ್ದು ತೀರಿಕೊಂಡರು. ಕಾರ್ಯಕ್ರಮ ನಿಲ್ಲಲಿಲ್ಲ. ಇದನ್ನು ಓದಿದ ದಿನ ನಾನು ಯಾವ ಕಂಪನಿಯ ಪರವಾಗಿಯೂ ಭಾಯ್ ಜೊತೆ ವಾದ ಮಾಡಲಿಲ್ಲ.

ಸೋತವರ ಬೆಲೆ

2001ರ ಮಾರ್ಚ್‌ನಲ್ಲಿ ಟರ್ನರ್ ಚಾನೆಲ್ಲುಗಳ ಹೊಸ ಆಡಳಿತ ಕುಸ್ತಿ ಕಾರ್ಯಕ್ರಮಗಳನ್ನೇ ಕೈಬಿಟ್ಟಿತು. ಡಬ್ಲ್ಯುಸಿಡಬ್ಲ್ಯು ಕೊಳ್ಳಲು ಮುಂದೆ ಬಂದಿದ್ದ ಇನ್ನೊಂದು ತಂಡ, ಪ್ರಸಾರದ ಸಮಯವೇ ಇಲ್ಲದ ಕಂಪನಿ ಯಾಕೆ ಎಂದು ಹಿಂದೆ ಸರಿಯಿತು. ಉಳಿದದ್ದು ಒಬ್ಬನೇ ಗಿರಾಕಿ, ಎದುರಾಳಿಯೇ! ಹೆಸರು, ಹಳೆಯ ಟೇಪುಗಳ ಭಂಡಾರ ಎಲ್ಲ ಸೇರಿ ಸುಮಾರು 25 ಲಕ್ಷ ಡಾಲರಿಗೆ ಹೋಯಿತು ಎಂದು ವರದಿಯಾಯಿತು. ಮಾರ್ಚ್ 26ಕ್ಕೆ 'ನೈಟ್ರೊ' ಕೊನೆಯ ಕಂತು. ಕೊಳ್ಳುವವರು ಇಬ್ಬರಿದ್ದಾಗ ವಸ್ತುವಿಗೆ ಒಂದು ಬೆಲೆ, ಒಬ್ಬನೇ ಇದ್ದಾಗ ಇನ್ನೊಂದು ಬೆಲೆ. ಆ ಕಂಪನಿಯ ಪೈಲ್ವಾನರಲ್ಲಿ ಕೆಲವರಿಗಷ್ಟೇ ಗೆದ್ದವರ ಬಳಿ ಕೆಲಸ ಸಿಕ್ಕಿತು. ಮುಂದಿನ ಹದಿನೆಂಟು ವರ್ಷ ಅವರಿಗೆ ಅಮೆರಿಕದಲ್ಲಿ ಅಷ್ಟು ದೊಡ್ಡದಾದ ಎರಡನೇ ಬಾಗಿಲು ಇರಲಿಲ್ಲ.

ಮೂರನೇ ವಾರ: ಅಕ್ಟೋಬರ್ 2019

ಆ ಎರಡನೇ ಬಾಗಿಲು ತೆರೆದದ್ದು 2019ರಲ್ಲಿ. ಲಾಹೋರಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ವಾಹನದ ಬಿಡಿಭಾಗಗಳ ಉದ್ಯಮದಲ್ಲಿ ಶ್ರೀಮಂತರಾದ ಶಾಹಿದ್ ಖಾನ್ ಅವರ ಮಗ ಟೋನಿ ಖಾನ್ ಎಇಡಬ್ಲ್ಯು ಕಟ್ಟಿದರು. ಅಕ್ಟೋಬರ್ 2ರ ಬುಧವಾರ ಅವರ 'ಡೈನಮೈಟ್' ಟಿಎನ್‌ಟಿಯಲ್ಲಿ ಶುರು. ಡಬ್ಲ್ಯುಡಬ್ಲ್ಯುಇ ತನ್ನ ಕಿರಿಯ ತಂಡದ 'ಎನ್‌ಎಕ್ಸ್‌ಟಿ'ಯನ್ನು ಅದೇ ಬುಧವಾರ, ಅದೇ ಎರಡು ಗಂಟೆಗೆ ಎದುರಿಗಿಟ್ಟಿತು. ಮೊದಲ ರಾತ್ರಿ 'ಡೈನಮೈಟ್' ನೋಡಿದವರು ಸುಮಾರು 14 ಲಕ್ಷ, 'ಎನ್‌ಎಕ್ಸ್‌ಟಿ' ನೋಡಿದವರು ಸುಮಾರು 8.9 ಲಕ್ಷ. ಬಹುಪಾಲು ವಾರಗಳು ಹೀಗೇ ಸಾಗಿ, 2021ರ ಏಪ್ರಿಲ್‌ನಲ್ಲಿ 'ಎನ್‌ಎಕ್ಸ್‌ಟಿ' ಮಂಗಳವಾರಕ್ಕೆ ಸರಿಯಿತು.

ಈ ಸಲ ಯಾರೂ ಸಾಯಲಿಲ್ಲ. ಏಳು ವರ್ಷ ಕುಸ್ತಿ ಬಿಟ್ಟಿದ್ದ ಸಿಎಂ ಪಂಕ್ 2021ರಲ್ಲಿ ಎಇಡಬ್ಲ್ಯುಗೆ ಬಂದ. ಎಇಡಬ್ಲ್ಯು ಕಟ್ಟಿದವರಲ್ಲೇ ಒಬ್ಬನಾದ ಕೋಡಿ ರೋಡ್ಸ್ 2022ರಲ್ಲಿ ಡಬ್ಲ್ಯುಡಬ್ಲ್ಯುಇಗೆ ಮರಳಿ, 2024ರಲ್ಲಿ ಅಲ್ಲಿನ ದೊಡ್ಡ ಬೆಲ್ಟ್ ಗೆದ್ದ. ಬಾಗಿಲು ಎರಡಿದ್ದರೆ ಕೆಲಸಗಾರ ತನ್ನ ಬೆಲೆ ತಾನು ಹೇಳಬಹುದು. ಡಬ್ಲ್ಯುಡಬ್ಲ್ಯುಇ ಕೂಡ ಬಡವಾಗಲಿಲ್ಲ. 2025ರ ಜನವರಿಯಿಂದ 'ರಾ' ನೆಟ್‌ಫ್ಲಿಕ್ಸಿನಲ್ಲಿದೆ, ಹತ್ತು ವರ್ಷಕ್ಕೆ 500 ಕೋಟಿ ಡಾಲರಿಗೂ ಮೀರಿದ ಒಪ್ಪಂದ. ಏಪ್ರಿಲ್ 1ರಿಂದ ನಮಗೂ ಅಲ್ಲೇ. ನಮ್ಮ ಊರಿನ ನೆಟ್‌ವರ್ಕಿನಲ್ಲಿ ಒಂದು ಪಂದ್ಯ ಮುಗಿಯುವುದರೊಳಗೆ ಮೂರು ಸಲ ಚಕ್ರ ತಿರುಗುತ್ತದೆ ಎಂಬುದು ಬೇರೆ ಮಾತು.

ನಮ್ಮ ಕಣದಲ್ಲಿ

ಇಷ್ಟೆಲ್ಲ ಗೊತ್ತಿದ್ದೂ ಭಾಯ್‌ನ ಕಂಪನಿ ಮುಚ್ಚಲಿ ಎಂದು ನಾನು ಬಯಸುತ್ತಲೇ ಇದ್ದೆ. ಕಳೆದ ಸುಗ್ಗಿಯವರೆಗೆ.

ನಮಗಿರುವುದು ಒಂದೂವರೆ ಎಕರೆ ರೊಬಸ್ಟಾ. ಒಣಗಿಸಿದ ಚೆರಿ ಕೊಳ್ಳಲು ಪ್ರತಿ ವರ್ಷ ಇಬ್ಬರು ವ್ಯಾಪಾರಿಗಳು ಬರುತ್ತಿದ್ದರು. ಅಬ್ಬಾ ಒಬ್ಬರ ಬೆಲೆ ಕೇಳಿ ಇನ್ನೊಬ್ಬರಿಗೆ ಫೋನ್ ಮಾಡುತ್ತಿದ್ದರು. ಕಳೆದ ಸಲ ಒಬ್ಬರು ವ್ಯಾಪಾರ ನಿಲ್ಲಿಸಿದರು. ಉಳಿದವರು ಒಂದು ಹಿಡಿ ಚೆರಿ ಅಂಗೈಯಲ್ಲಿ ಉಜ್ಜಿ, ತೇವ ಜಾಸ್ತಿ ಎಂದು ಮೂಟೆಗೆ ಇನ್ನೂರು ರೂಪಾಯಿ ಕಡಿಮೆ ಹೇಳಿದರು. ಹಿಂದಿನ ವರ್ಷ ಅಷ್ಟೇ ದಿನ ಒಣಗಿಸಿದ ಕಾಫಿಗೆ ಆ ಮಾತು ಬಂದಿರಲಿಲ್ಲ. ಅಬ್ಬಾ ಜೇಬಿನಿಂದ ಫೋನ್ ತೆಗೆದರು, ಒಂದು ಕ್ಷಣ ನೋಡಿದರು, ಮತ್ತೆ ಒಳಗಿಟ್ಟರು. ಕರೆ ಮಾಡಲು ಇನ್ನೊಬ್ಬರಿರಲಿಲ್ಲ. ಇಪ್ಪತ್ತೆಂಟು ಮೂಟೆಗೆ 5,600 ರೂಪಾಯಿ. ನನ್ನ ಫೀಸಿನ ಒಂದು ಕಂತು.

ಆ ರಾತ್ರಿ ದಾದಾ ಹಳೆಯ ಕಥೆ ಹೇಳಿದರು. 1942ರ ಕಾಫಿ ಕಾಯ್ದೆಯಡಿ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು. ಹಣ ಕಂತುಕಂತಾಗಿ, ತಡವಾಗಿ ಬರುತ್ತಿತ್ತು. 1990ರ ದಶಕದಲ್ಲಿ ಆ ವ್ಯವಸ್ಥೆ ಹಂತಹಂತವಾಗಿ ಸಡಿಲಗೊಂಡು, 1996ಕ್ಕೆ ಬೆಳೆಗಾರ ಯಾರಿಗೆ ಬೇಕಾದರೂ ಮಾರುವಂತಾಯಿತು. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿದ್ದ ಕಾಲ, ಮಲೆನಾಡಿನಲ್ಲಿ ಹೊಸ ಜೀಪುಗಳು ಓಡಾಡಿದವು. 2000ದ ಹೊತ್ತಿಗೆ ಬೆಲೆ ಕುಸಿದಾಗ ಹಿಡಿದುಕೊಳ್ಳಲು ಪೂಲ್ ಇರಲಿಲ್ಲ. "ಪೂಲ್ ಇದ್ದಾಗ ಹಣ ತಡ, ಆದ್ರೆ ಬರ್ತಿತ್ತು. ಆಮೇಲೆ ಬೇಗ ಬಂತು, ಬೇಗ ಹೋಯ್ತು" ಎಂದರು ದಾದಾ. ಪೈಪೋಟಿ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಎಂಬುದು ಅವರ ಅನುಭವ. ಆದರೆ ಇನ್ನೊಬ್ಬ ಗಿರಾಕಿ ಇಲ್ಲದ ಕಣದಲ್ಲಿ ಅಬ್ಬಾರ ಮುಖ ಹೇಗಿತ್ತು ಎಂಬುದನ್ನು ನಾನು ನೋಡಿದ್ದೇನೆ.

ಸೋಮವಾರ ಬೆಳಿಗ್ಗೆ ಮೂಡಿಗೆರೆ ಬಸ್ಸು ಹಿಡಿದು ಖಾಲಾ ಮನೆಗೆ ಬಂದೆ. ಗುರುವಾರ ಭಾಯ್ ಎಂದಿನಂತೆ ಫೋನ್ ಮುಂದೆ ಹಿಡಿದು, "ನೋಡು, ಈ ವಾರ ನಿಮ್ಮವರಿಗಿಂತ ನಮ್ಮವರೇ ಮೇಲು" ಎಂದ. ಪಂದ್ಯ ನಿಜಕ್ಕೂ ಚೆನ್ನಾಗಿತ್ತು. ಒಪ್ಪಿಕೊಂಡೆ. ಅವನಿಗೆ ಗಾಬರಿಯಾಗಿ, "ಹುಷಾರಿದ್ದೀಯಾ?" ಎಂದು ಹಣೆ ಮುಟ್ಟಿ ನೋಡಿದ.

ನನ್ನ ಪಕ್ಷ ಬದಲಾಗಿಲ್ಲ, ಮಂಗಳವಾರ ನನ್ನದೇ. ಆದರೆ ಬಿರಿಯಾನಿಯ ಮಾತನ್ನು ಹಿಂತೆಗೆದುಕೊಂಡಿದ್ದೇನೆ. ಈ ಸುಗ್ಗಿಗೆ ನಮ್ಮ ಕಡೆಗೆ ಇನ್ನೊಬ್ಬ ವ್ಯಾಪಾರಿ ಬರುತ್ತಾರೆ ಎಂಬ ಸುದ್ದಿ ಇದೆ. ಬಂದರೆ ಅದೇ ಬಿರಿಯಾನಿಯನ್ನು ಭಾಯ್‌ಗೆ ಆ ಖುಷಿಗೆ ಕೊಡಿಸುತ್ತೇನೆ, ಇನ್‌ಶಾ ಅಲ್ಲಾಹ್.