ದೂರದ ಊರಿಗೆ ಹತ್ತಿರದ ಹಾದಿ

2021ನೆಯ ಇಸವಿ ಜನವರಿ 9ರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಹೊರಟ ಏರ್ ಇಂಡಿಯಾದ ವಿಮಾನವೊಂದು, ನಡುವೆ ಎಲ್ಲಿಯೂ ಇಳಿಯದೆ, 11ರ ಬೆಳಗಿನ ಜಾವ ಬೆಂಗಳೂರನ್ನು ಮುಟ್ಟಿತು. ಅದರ ಚಾಲಕರೆಲ್ಲರೂ ಮಹಿಳೆಯರೇ. ತಾರೀಖುಗಳನ್ನಷ್ಟೇ ನೋಡಿದರೆ ಎರಡು ದಿನಗಳ ಪ್ರಯಾಣವೆಂದು ತೋರುತ್ತದೆ. ಆದರೆ ವಿಮಾನವು ಆಕಾಶದಲ್ಲಿದ್ದುದು ಸುಮಾರು 17 ಗಂಟೆಗಳ ಕಾಲ ಮಾತ್ರ. ಈ ಲೆಕ್ಕ ಹೇಗೆ ಕೂಡುತ್ತದೆಂಬುದನ್ನು ಈಗ ವಿಚಾರ ಮಾಡೋಣ.

ಮೊದಲು ದೂರ. ನಾವಿಕರು ಬಳಸುವ ಮರ್ಕೇಟರ್ ಭೂಪಟದ ಮೇಲೆ, ಶಾಂತಸಾಗರವನ್ನು ದಾಟುವಂತೆ, ಈ ಎರಡು ಊರುಗಳ ನಡುವೆ ನೇರವಾದ ಗೆರೆಯನ್ನೆಳೆಯೋಣ. ಅದರ ಜಾಡಿನಲ್ಲಿಯೇ ಹಾರಿದರೆ ಸುಮಾರು 16,100 ಕಿಲೋಮೀಟರು ಆಗುತ್ತದೆ. ಆದರೆ ಭೂಮಿಯು ಚಪ್ಪಟೆಯಲ್ಲವಷ್ಟೆ. ಭೂಗೋಳದ ಮೇಲೆ ಆ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿದರೆ, ಅದು ಉತ್ತರಕ್ಕೆ ಏರಿ 70 ಡಿಗ್ರಿ ಅಕ್ಷಾಂಶವನ್ನೂ ಮೀರಿ ಹೋಗಿ ಮತ್ತೆ ಇಳಿಯುತ್ತದೆ. ಇದೇ ಮಹಾವೃತ್ತದ ಹಾದಿ. ಇದರ ಉದ್ದ ಸುಮಾರು 14,000 ಕಿಲೋಮೀಟರು.

ಇದನ್ನು ಕರಾರುವಾಕ್ಕಾಗಿ ಕಂಡುಹಿಡಿಯಲು ಗೋಳದ ತ್ರಿಕೋನಗಣಿತ ಬೇಕು. ಆದರೆ ಈ ಎರಡು ಊರುಗಳ ಮಟ್ಟಿಗೆ ಒಂದು ಸುಲಭೋಪಾಯವುಂಟು. ಇವುಗಳ ರೇಖಾಂಶಗಳ ಅಂತರ 160 ಡಿಗ್ರಿ. ಎಂದರೆ ಉತ್ತರ ಧ್ರುವದ ಆಚೆಗೊಂದು, ಈಚೆಗೊಂದು ಇರುವಂತೆಯೇ ಸರಿ. ಬೆಂಗಳೂರಿನ ಅಕ್ಷಾಂಶ 13. ಅಲ್ಲಿಂದ ಧ್ರುವಕ್ಕೆ 77 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೋದ ಅಕ್ಷಾಂಶ 38ರ ಸಮೀಪ. ಧ್ರುವದಿಂದ ಅಲ್ಲಿಗೆ 52. ಒಟ್ಟು 129 ಡಿಗ್ರಿ. ಡಿಗ್ರಿಯೊಂದಕ್ಕೆ 111 ಕಿಲೋಮೀಟರಿನಂತೆ ಸುಮಾರು 14,300 ಆಯಿತು. ನಿಜವಾದ ದೂರಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಇನ್ನು ಕಾಲ. ಗಂಟೆಗೆ 850 ಕಿಲೋಮೀಟರು ವೇಗವೆಂದಿಟ್ಟುಕೊಂಡರೆ 14,000ಕ್ಕೆ ಹದಿನಾರೂವರೆ ಗಂಟೆ ಬೇಕು. ಏರುವಾಗ ಇಳಿಯುವಾಗ ವೇಗ ಕಡಮೆ. ಗಾಳಿಯು ಅನುಕೂಲವಾದರೆ ಹೊತ್ತು ಉಳಿಯುತ್ತದೆ, ಎದುರಾದರೆ ಬೆಳೆಯುತ್ತದೆ. ಆದುದರಿಂದ 17 ಗಂಟೆಯೆಂದು ಹಿಡಿಯೋಣ.

ಕೊನೆಗೆ ಗಡಿಯಾರ. ಹೊರಡುವ ವೇಳೆ ಅಲ್ಲಿಯದು, ತಲಪುವ ವೇಳೆ ಇಲ್ಲಿಯದು; ಒಂದರಿಂದ ಇನ್ನೊಂದನ್ನು ಹಾಗೆಯೇ ಕಳೆಯಲಾಗದು. ಜನವರಿಯಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದೆ. ಬೇಸಗೆಯಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವುದರಿಂದ ಹನ್ನೆರಡೂವರೆ. 9ರ ರಾತ್ರಿ ಎಂಟೂವರೆಗೆ ಅಲ್ಲಿಂದ ಹೊರಟರೆ, ಆಗ ಇಲ್ಲಿ 10ರ ಬೆಳಿಗ್ಗೆ ಹತ್ತು ಗಂಟೆ. ಅದಕ್ಕೆ 17 ಗಂಟೆ ಕೂಡಿಸಿದರೆ 11ರ ಬೆಳಗಿನ ಜಾವ ಮೂರು.

ವಿಮಾನ ನಡೆಸುವವರಿಗೆ ಈ ಲೆಕ್ಕ ವಿನೋದವಲ್ಲ. ಭೂಪಟದ ಗೆರೆಯನ್ನು ನಂಬಿ 2,000 ಕಿಲೋಮೀಟರು ಹೆಚ್ಚು ಹಾರಬೇಕಾದರೆ ಅಷ್ಟಕ್ಕೂ ಇಂಧನವನ್ನು ಹೊರಬೇಕು. ಆ ಇಂಧನದ ಭಾರವನ್ನು ಸಾಗಿಸಲು ಮತ್ತಷ್ಟು ಇಂಧನ ಬೇಕು. ನಮ್ಮಂಥವರಿಗೂ ಇದು ಬೇಕಾದದ್ದೇ. 9ರಂದು ಹೊರಟ ಮಗಳು 10ರಂದು ಬರುವಳೆಂದು ನಿಲ್ದಾಣಕ್ಕೆ ಹೋದ ತಂದೆತಾಯಿಗಳು ರಾತ್ರಿಯೆಲ್ಲ ಅಲ್ಲಿಯೇ ಕಾಯಬೇಕಾದೀತು. ದೂರವನ್ನು ಭೂಗೋಳದ ಮೇಲೆ ಅಳೆಯಬೇಕು. ಕಾಲವನ್ನು ಒಂದೇ ಗಡಿಯಾರದಿಂದ ಎಣಿಸಬೇಕು.