ಬಿಸಿಲು ಸೀಮೆಯಲ್ಲಿ ಕಾಲ್ನಡಿಗೆಯ ಪ್ರವಾಸ: ಶ್ರೀಶೈಲದ ದಾರಿ

ಪ್ರವಾಸವೆಂದರೆ ಹಣವಂತರ ಬಾಬತ್ತು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ರೈಲಿನ ದರ, ವಸತಿಗೃಹದ ಬಾಡಿಗೆ, ಊಟ ತಿಂಡಿ ಎಂದು ಲೆಕ್ಕ ಹಾಕುತ್ತ ಹೋದರೆ ಕಾರಕೂನನ ತಿಂಗಳ ಪಗಾರ ಅರ್ಧ ದಾರಿಗೇ ಮುಗಿಯುತ್ತದೆ. ರಜೆ ಸಿಕ್ಕರೆ ಊರಿಗೆ ಹೋಗುವುದು, ಊರಿಗೆ ಹೋಗಲಾಗದಿದ್ದರೆ ಖೋಲಿಯಲ್ಲಿ ಬಿದ್ದುಕೊಳ್ಳುವುದು, ಇಷ್ಟೇ ನಮ್ಮ ವಿಹಾರವಾಗಿದೆ. ಆದರೆ ಅಲ್ಪ ವೆಚ್ಚದಲ್ಲಿ, ಬೆಟ್ಟ ಹಳ್ಳಿಗಳನ್ನು ಹಾಯುತ್ತ, ದಾರಿ ಬಲ್ಲವರೊಬ್ಬರ ಹಿಂದೆ ಗುಂಪಾಗಿ ನಡೆದು ಹೋಗುವ ಒಂದು ಬಗೆಯ ಪ್ರವಾಸ ಉಂಟು. ಯುಗಾದಿ ಸಮೀಪಿಸಿದಾಗಲೆಲ್ಲ ನಮ್ಮ ವಾಚನಾಲಯದಲ್ಲಿ "ನಾಲ್ಕು ದಿವಸದ ರಜೆಯಲ್ಲಿ ಶ್ರೀಶೈಲಕ್ಕೆ ನಡೆದು ಹೋಗುವುದು ಆದೀತೇ?" ಎಂದು ಕೇಳುವ ಮಿತ್ರರಿದ್ದಾರೆ. ಆದೀತು. ಆದರೆ ಒಬ್ಬಂಟಿಯಾಗಿ ಹೋಗಬಾರದು. ಹೇಗೆ ಹೋಗಬೇಕು, ಒಬ್ಬಂಟಿಯಾಗಿ ಏಕೆ ಕೂಡದು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ದುಡಿಯುವ ಜನರಿಗಾಗಿ ಇಂಥ ಪ್ರವಾಸವನ್ನು ಏರ್ಪಡಿಸಿದ ಹಳೆಯ ಉದಾಹರಣೆಯೊಂದು ಇಂಗ್ಲೆಂಡಿನಲ್ಲಿದೆ. ಗಿರಣಿಯವರಾದ ನಮಗೆ ಅದನ್ನು ತಿಳಿಯುವ ಹಕ್ಕು ಹೆಚ್ಚು. ಲ್ಯಾಂಕಾಷೈರಿನ ಹತ್ತಿಯ ಗಿರಣಿಗಳು ವರ್ಷಕ್ಕೊಮ್ಮೆ, ಒಂದೊಂದು ಊರಿನಲ್ಲಿ ಒಂದೊಂದು ವಾರ, ಒಟ್ಟಾಗಿ ಬಾಗಿಲು ಹಾಕುತ್ತಿದ್ದವು. ವರ್ಷವಿಡೀ ಕೂಡಿಟ್ಟ ಹಣವನ್ನು ಕೂಲಿಗಾರರು ಬ್ಲ್ಯಾಕ್‌ಪೂಲಿನಂಥ ಸಮುದ್ರತೀರದ ಊರುಗಳಲ್ಲಿ ಆ ಒಂದೇ ವಾರದಲ್ಲಿ ಕಳೆದು ಬರುತ್ತಿದ್ದರು. ಕೋಲ್ನ್ ಎಂಬ ಗಿರಣಿಯ ಊರಿನಲ್ಲಿ ಪಾದ್ರಿಯಾಗಿದ್ದ ಟಿ. ಎ. ಲಿಯೊನಾರ್ಡ್ ಎಂಬವರಿಗೆ ಇದು ಸರಿದೋರಲಿಲ್ಲ. 1891ರಲ್ಲಿ ಅವರು ಸುಮಾರು 30 ಮಂದಿಯನ್ನು ಆಂಬಲ್‌ಸೈಡ್ ಎಂಬ ಕೆರೆಬೆಟ್ಟಗಳ ಸೀಮೆಗೆ ಕರೆದೊಯ್ದು ನಡೆಯಿಸಿದರು. ಖರ್ಚು ಎಲ್ಲರಿಗೂ ಸಮ, ಊಟ ಸಾದಾ, ಮುಂದೆ ನಡೆಯಲು ದಾರಿ ಬಲ್ಲ ಮುಖಂಡ. ಇದರಿಂದಲೇ 1893ರಲ್ಲಿ ಸಹಕಾರಿ ರಜಾ ಸಂಘವೊಂದು ಹುಟ್ಟಿತು.

ಇಂದು ಯುರೋಪಿನ ಚಳಿ ದೇಶದವರು ಬಿಸಿಲನ್ನು ಅರಸಿ ಸ್ಪೇನಿನ ದಕ್ಷಿಣ ಭಾಗಕ್ಕೂ ಗ್ರೀಸಿನ ಕ್ರೀಟ್ ದ್ವೀಪಕ್ಕೂ ನಡಿಗೆಯ ಪ್ರವಾಸ ಹೋಗುತ್ತಾರೆ. ಅಲ್ಲಿ ಇದೊಂದು ದೊಡ್ಡ ವ್ಯಾಪಾರ. ಯಾತ್ರಿಕನ ಗಂಟನ್ನು ಗಾಡಿಯವನು ಮುಂದಿನ ಹಳ್ಳಿಗೆ ಮುಟ್ಟಿಸುತ್ತಾನೆ. ಯಾತ್ರಿಕನು ನೀರಿನ ಬಾಟಲಿಯೊಂದಿಗೆ ಮಾರ್ಗದರ್ಶಕನ ಹಿಂದೆ ಗುಡ್ಡ ಹತ್ತಿ ಇಳಿದು ಸಂಜೆಗೆ ಆ ಹಳ್ಳಿ ಸೇರುತ್ತಾನೆ. ಇದಕ್ಕೆ ಅವರು ಕೊಡುವ ಹಣ ಕೇಳಿದರೆ ನಮಗೆ ನಗು ಬರಬೇಕು. ಏಕೆಂದರೆ ಇದೇ ಏರ್ಪಾಡು, ಗಂಟು ಹೊರುವ ಗಾಡಿಯೂ ಸೇರಿ, ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಹಳ್ಳಿಗಳಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಅದಕ್ಕೆ ನಾವು ಪ್ರವಾಸವೆಂಬ ಹೆಸರಿಟ್ಟಿಲ್ಲ. ಮಲ್ಲಯ್ಯನ ಪಾದಯಾತ್ರೆ ಎನ್ನುತ್ತೇವೆ.

ಹೋಳಿ ಹುಣ್ಣಿಮೆಯ ಹಿಂದುಮುಂದಿನಲ್ಲಿ ಈ ಗುಂಪುಗಳು ಊರು ಬಿಡುತ್ತವೆ. ಹುಣ್ಣಿಮೆಯಿಂದ ಯುಗಾದಿಗೆ ಹದಿನೈದು ದಿವಸ. ವಿಜಯಪುರದಿಂದ ಶ್ರೀಶೈಲಕ್ಕೆ ನಾನ್ನೂರು ಕಿಲೋಮೀಟರಿಗೂ ಮೇಲೆ ಆಗುತ್ತದೆ. ದಿನಕ್ಕೆ ಮೂವತ್ತರಂತೆ ನಡೆದರೆ ಹಬ್ಬಕ್ಕೆ ಸರಿಯಾಗಿ ಮುಟ್ಟಬಹುದು; ಲೆಕ್ಕ ಹಾಗಿದೆ. ವಿಜಯಪುರದ ಕಡೆಯವರು ಕೃಷ್ಣೆಯನ್ನು ದಾಟಿ, ರಾಯಚೂರು ಸೀಮೆ ಹಾಯ್ದು, ತುಂಗಭದ್ರೆಯನ್ನು ದಾಟಿ ಕರ್ನೂಲಿಗೆ ಬರುತ್ತಾರೆ. ಎಷ್ಟೋ ಗುಂಪುಗಳ ಮುಂದೆ ಅಲಂಕರಿಸಿದ ಕಂಬಿ ಇರುತ್ತದೆ, ಹಿಂದೆ ಹಿಟ್ಟು ಬೇಳೆ ಹಾಸಿಗೆ ಹೊತ್ತ ಗಾಡಿ. ಮೊದಲು ಎತ್ತಿನ ಗಾಡಿ ಇತ್ತು, ಈಗ ಟ್ರ್ಯಾಕ್ಟರು. (ಟ್ರ್ಯಾಕ್ಟರು ಬಂದದ್ದು ಒಳ್ಳೆಯದೇ, ಅದರ ಮೇಲೆ ಧ್ವನಿವರ್ಧಕ ಏರಿಸುವುದು ಮಾತ್ರ ನಮಗೆ ಒಪ್ಪಿಗೆಯಿಲ್ಲ. ನಡೆಯುವವನಿಗೆ ತನ್ನ ಹೆಜ್ಜೆಯ ಸಪ್ಪಳವೂ ಕೇಳದಾಗುತ್ತದೆ.) ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ಈ ದಾರಿ ಸವೆಸುವವರೂ ಇದ್ದಾರೆ.

ಕನ್ನಡಿಗರಿಗೆ ಈ ದಾರಿಯ ನಂಟು ಇಂದಿನದಲ್ಲ. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದು, ಅಲ್ಲಿಂದ ಶ್ರೀಶೈಲದ ಕದಳಿಗೆ ಹೋದಳೆಂಬುದನ್ನು ಮಕ್ಕಳೂ ಬಲ್ಲರು. ಸೊನ್ನಲಿಗೆಯ ಸಿದ್ಧರಾಮನು ಬಾಲಕನಾಗಿದ್ದಾಗಲೇ ಮಲ್ಲಯ್ಯನನ್ನು ಹುಡುಕಿ ಅಲ್ಲಿಗೆ ಹೋದನೆಂಬ ಕಥೆಯೂ ಉಂಟು. ಭ್ರಮರಾಂಬೆಯನ್ನು ನಮ್ಮವರು ಮನೆಯ ಮಗಳೆಂದೇ ತಿಳಿದು, ಯುಗಾದಿಗೆ ಸೀರೆ, ಅರಿಷಿಣ ಕುಂಕುಮ ಒಯ್ಯುತ್ತಾರೆ. ತವರಿನವರು ನಡೆದೇ ಬರಬೇಕು ಎಂಬ ಹಟಕ್ಕೆ ಇದೂ ಒಂದು ಕಾರಣವಿದ್ದೀತು.

ಹೈದರಾಬಾದಿನಲ್ಲಿರುವ ನಮಗೆ ಹದಿನೈದು ದಿವಸ ರಜೆ ಯಾರೂ ಕೊಡುವುದಿಲ್ಲ. ನಮಗೆ ಹೊಂದುವುದು ಕೊನೆಯ ಭಾಗ, ಅಂದರೆ ನಲ್ಲಮಲ ಕಾಡಿನ ಎರಡು ದಿವಸದ ನಡಿಗೆ. ಕಾಚಿಗುಡದಿಂದ ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ ಕರ್ನೂಲಿಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಆತ್ಮಕೂರು ಸೇರಬೇಕು. ಕರ್ನಾಟಕದ ಗುಂಪುಗಳು ಆತ್ಮಕೂರಿನ ಮೇಲೆಯೇ ಹಾಯುತ್ತವೆ. ನಮ್ಮ ಸೀಮೆಯ ಯಾವುದಾದರೂ ಗುಂಪಿನ ಹಿರಿಯರನ್ನು ಕಂಡು, "ಯಜಮಾನರೇ, ನಾವು ಹೈದರಾಬಾದಿನಿಂದ ಬಂದ ಇಂಥ ಊರಿನವರು, ನಿಮ್ಮ ಸಂಗಡ ಬರುತ್ತೇವೆ" ಎಂದರೆ ಸಾಕು. ನಾವು ಎರಡು ಸಲ ಹೀಗೆ ಸೇರಿಕೊಂಡಿದ್ದೇವೆ. ಯಾವ ಊರು, ಯಾರ ಮನೆ ಎಂದು ಕೇಳಿದರೇ ಹೊರತು ಬೇಡವೆಂದವರಿಲ್ಲ. ಅದರ ಬದಲಿಗೆ ನಮ್ಮಿಂದಲೂ ಅವರಿಗೊಂದು ಉಪಯೋಗವಿದೆ. ತುಂಗಭದ್ರೆ ದಾಟಿದ ಮೇಲೆ ಮಾತೆಲ್ಲ ತೆಲುಗು. ಔಷಧದ ಅಂಗಡಿಯಲ್ಲಿ, ಪೊಲೀಸರೆದುರಿಗೆ, ಬಸ್ಸಿನ ವಿಚಾರಣೆಯಲ್ಲಿ ಎರಡೂ ಭಾಷೆ ಬಲ್ಲ ಹೈದರಾಬಾದಿನವನೊಬ್ಬನಿದ್ದರೆ ಗುಂಪಿನ ಅರ್ಧ ತೊಂದರೆ ನೀಗುತ್ತದೆ.

ಆತ್ಮಕೂರಿನ ಮುಂದೆ ವೆಂಕಟಾಪುರದಿಂದ ಕಾಡಿನ ದಾರಿ ಹಿಡಿಯಬೇಕು. ಮೊದಲು ಸಿಕ್ಕುವುದು ನಾಗಲೂಟಿ. ವೀರಭದ್ರನ ಹಳೆಯ ಗುಡಿ ಅಲ್ಲಿದೆ. ಬಳಿಕ ಪೆಚ್ಚೆರುವು, ಆಮೇಲೆ ಭೀಮುನಿಕೊಲನು, ಕಡೆಗೆ ಕೈಲಾಸದ್ವಾರ. ಇದು ರಸ್ತೆಗಳಾಗುವ ಮುಂಚಿನ ಹೆದ್ದಾರಿ. ಹದಿನಾಲ್ಕನೆಯ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದನೆಂದು ಪ್ರಸಿದ್ಧಿ. ಭೀಮುನಿಕೊಲನಿನಲ್ಲಿ ದಾರಿ ಒಮ್ಮೆಲೇ ಆಳವಾದ ಕಣಿವೆಗೆ ಇಳಿದು, ಎದುರಿನ ಗುಡ್ಡಕ್ಕೆ ಕಲ್ಲಿನ ಮೆಟ್ಟಿಲುಗಳಲ್ಲಿ ನೆಟ್ಟಗೆ ಏರುತ್ತದೆ. ಎರಡು ದಿವಸ ನಡೆದು ದಣಿದ ಕಾಲಿಗೆ ಈ ಏರು ಬರುವುದರಿಂದ ಅನೇಕರು ಇಲ್ಲಿಯೇ ಸೋಲುತ್ತಾರೆ. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಒಂದು ಸುಲಭ ಲೆಕ್ಕ ಹೇಳಿದ್ದಾನೆ: ಮೂರು ಮೈಲಿಗೆ ಒಂದು ತಾಸು, ಪ್ರತಿ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ತಾಸು. ಇದು ತಂಪು ದೇಶದ, ಗಟ್ಟಿ ಆಳುಗಳ ಲೆಕ್ಕ. ಮೇಜಿನ ಮುಂದೆ ಕುಳಿತು ಲೆಡ್ಜರು ಬರೆಯುವ ನಮ್ಮಂಥವರು ಚೈತ್ರದ ಬಿಸಿಲಿನಲ್ಲಿ ಅದಕ್ಕೆ ಅರ್ಧದಷ್ಟಾದರೂ ಕೂಡಿಸಿಕೊಳ್ಳಬೇಕು.

ಕಾಡಿನಲ್ಲಿ ಚೆಂಚು ಜನರ ಗೂಡೆಗಳು ಸಿಕ್ಕುತ್ತವೆ. ಇವರು ಈ ಬೆಟ್ಟದ ಮೂಲ ನಿವಾಸಿಗಳು. ಜೇನು, ಕಾಡಿನ ಉತ್ಪನ್ನ ಇವರ ಜೀವನ. ಮಲ್ಲಯ್ಯನನ್ನು ಅವರು ಚೆಂಚು ಮಲ್ಲಯ್ಯನೆಂದು ಕರೆದು ತಮ್ಮ ಅಳಿಯನೆನ್ನುತ್ತಾರೆ. ನಮ್ಮವರಿಗೆ ಭ್ರಮರಾಂಬೆ ಮಗಳು, ಇವರಿಗೆ ಮಲ್ಲಯ್ಯ ಅಳಿಯ. ಹಾಗಾದರೆ ಚೆಂಚುಗಳಿಗೂ ನಮಗೂ ಬೀಗತನವೇ ಆಯಿತು. ಬೀಗರ ಮನೆಯಂಗಳದಲ್ಲಿ ಹೇಗಿರಬೇಕೋ ಹಾಗಿರಬೇಕು. ಕೇಳದೆ ಅವರ ಚಿತ್ರ ತೆಗೆಯುವುದು, ಮಕ್ಕಳ ಕೈಗೆ ಪೈಸೆ ಎಸೆಯುವುದು, ಊಟದ ಎಲೆ ತಟ್ಟೆಗಳನ್ನು ಗುಡಿಸಲ ಮುಂದೆ ಬಿಸಾಡುವುದು ಸಭ್ಯತೆಯಲ್ಲ. 1983ರಿಂದ ಇದು ಹುಲಿಗಳ ಸಂರಕ್ಷಿತ ಅರಣ್ಯವೂ ಹೌದು. ಶಿವರಾತ್ರಿ ಮತ್ತು ಯುಗಾದಿಯ ಕಾಲದಲ್ಲಿ ಅರಣ್ಯ ಇಲಾಖೆಯವರು ಈ ದಾರಿಗೆ ಜನರನ್ನು ಬಿಡುತ್ತಾರೆ. ಉಳಿದ ದಿನಗಳಲ್ಲಿ ಧೈರ್ಯ ಮಾಡಿ ನುಗ್ಗುವ ಮಾತು ಬೇಡ. ಪ್ಲಾಸ್ಟಿಕ್ ಎಸೆಯಬಾರದು. ಬೀಡಿ ಸೇದುವ ಮಿತ್ರರಿಗೆ ವಿಶೇಷವಾಗಿ ಹೇಳುತ್ತೇವೆ: ಆ ಋತುವಿನಲ್ಲಿ ಒಣ ಹುಲ್ಲು ಮದ್ದಿನಂತಿರುತ್ತದೆ.

ಇನ್ನು ಬಿಸಿಲಿನ ವಿಷಯ. ಈ ಲೇಖನದಲ್ಲಿ ಮಿಕ್ಕದ್ದನ್ನು ಮರೆತರೂ ಇದನ್ನು ಮರೆಯಬಾರದು. ಯುಗಾದಿಯ ಹೊತ್ತಿಗೆ ರಾಯಚೂರು, ಕರ್ನೂಲು ಸೀಮೆಯಲ್ಲಿ ಮಧ್ಯಾಹ್ನ 40 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ. ನಡೆಯುವವನ ಮೈ ಒಳಗಿನಿಂದಲೂ ಕಾಯುತ್ತದೆ, ಹೊರಗಿನಿಂದಲೂ ಕಾಯುತ್ತದೆ. ಮೈಯನ್ನು ತಂಪು ಮಾಡುವುದು ಬೆವರೊಂದೇ. ಬೆವರಿನ ಸಂಗಡ ನೀರೂ ಉಪ್ಪೂ ಹೊರಟುಹೋಗುತ್ತವೆ. ಬರಿಯ ನೀರನ್ನೇ ಕುಡಿಯುತ್ತಿದ್ದರೆ ಉಪ್ಪಿನ ಕೊರತೆಯಾಗಿ ತಲೆ ಸುತ್ತಬಹುದು. ದಾರಿಯ ಹಳ್ಳಿಗಳವರು ಉಪ್ಪು ಹಾಕಿದ ಮಜ್ಜಿಗೆಯನ್ನು, ಅಂಬಲಿಯನ್ನು ಕೊಡುತ್ತಾರಲ್ಲ, ಅದು ಉಪಚಾರವಷ್ಟೇ ಅಲ್ಲ, ಔಷಧವೂ ಹೌದು. ಕಾಡಿನೊಳಗೆ ಮಜ್ಜಿಗೆ ಎಲ್ಲೆಡೆ ಸಿಗುವುದಿಲ್ಲವಾದ್ದರಿಂದ ಓ.ಆರ್.ಎಸ್. ಪುಡಿಯ ಪೊಟ್ಟಣಗಳನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಬಾಯಾರುವ ತನಕ ಕಾಯದೆ ಸ್ವಲ್ಪ ಸ್ವಲ್ಪ ಕುಡಿಯುತ್ತಿರಬೇಕು.

ಹಿರಿಯರ ಕ್ರಮವನ್ನು ನೋಡಿರಿ. ನಸುಕಿನ ಮೂರು ನಾಲ್ಕು ಗಂಟೆಗೆ ಎದ್ದು ನಡೆಯತೊಡಗಿ, ಹತ್ತರ ಸುಮಾರಿಗೆ ನೀರು ನೆರಳು ಇರುವಲ್ಲಿ ಗಂಟು ಇಳಿಸುತ್ತಾರೆ. ಅಡುಗೆ, ಊಟ, ನಿದ್ದೆ. ಬಿಸಿಲು ಇಳಿದ ಮೇಲೆ ಮತ್ತೆ ನಡಿಗೆ. ನೀರು ಯಾವ ತಿರುವಿನಲ್ಲಿದೆ, ಈ ವರ್ಷ ಯಾವುದು ಬತ್ತಿದೆ ಎಂಬುದು ಅವರಿಗೆ ಗೊತ್ತು. ಹೊಸಬನಿಗೆ ಬೆಳಗಿನ ತಂಪಿನಲ್ಲಿ ಉತ್ಸಾಹ ಬಂದು, "ಇನ್ನೊಂದು ತಾಸು ನಡೆದರೆ ಮುಂದಿನ ಠಾಣ್ಯವೇ ಸಿಕ್ಕೀತು" ಎನ್ನಿಸುತ್ತದೆ. ಆ ಒಂದು ತಾಸೇ ಆಪತ್ತಿನದು. ಒಬ್ಬಂಟಿಯಾಗಿ ಹೋಗಬಾರದೆಂದು ನಾವು ಹೇಳುವುದು ಹುಲಿಯ ಭಯದಿಂದಲ್ಲ, ಈ ಕಾರಣದಿಂದ. ಬಿಸಿಲು ಬಡಿದವನಿಗೆ ತನಗೆ ಬಿಸಿಲು ಬಡಿದಿದೆಯೆಂಬುದು ತಿಳಿಯುವುದಿಲ್ಲ. ಮೈ ಕೆಂಡದಂತೆ ಸುಡುತ್ತದೆ, ಮಾತು ತೊದಲುತ್ತದೆ, ಕೇಳಿದ್ದಕ್ಕೆ ಅಸಂಬದ್ಧ ಉತ್ತರ ಬರುತ್ತದೆ; ಬೆವರು ನಿಂತಿರಲೂಬಹುದು. ಪಕ್ಕದವನು ಇದನ್ನು ಕಂಡ ಕೂಡಲೇ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಯೆಲ್ಲ ನೀರು ಸುರಿದು ಗಾಳಿ ಬೀಸಬೇಕು, ಆಸ್ಪತ್ರೆಗೆ ಸಾಗಿಸಲು ಆಗಲೇ ಜನ ಓಡಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು. ಕುಡಿಯುವ ನೀರೇ ಆದರೂ ಸರಿ, ಮೈಮೇಲೆ ಸುರಿಯಲು ಹಿಂದೆಮುಂದೆ ನೋಡಬಾರದು. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೊರಡಬಾರದು. ಸಕ್ಕರೆ ಕಾಯಿಲೆಯವರಿಗೆ ಬರಿಗಾಲಿನ ಹರಕೆ ಸಲ್ಲದು. ಕಾಲಿನ ಗಾಯ ಅವರಿಗೆ ತಿಳಿಯುವ ಹೊತ್ತಿಗೆ ಕೀವು ತುಂಬಿರುತ್ತದೆ. ದೇವರು ಚಪ್ಪಲಿ ಮೆಟ್ಟಿದವರನ್ನೂ ಒಳಗೆ ಬಿಡುತ್ತಾನೆ, ಬಾಗಿಲಲ್ಲಿ ಬಿಟ್ಟರಾಯಿತು.

ಪ್ರವಾಸಕ್ಕೆಂದು ಹೊಸ ಬೂಟು ಕೊಳ್ಳಬೇಡಿರಿ. ತಿಂಗಳಿನಿಂದ ಮೆಟ್ಟಿ ಪಳಗಿದ್ದೇ ಒಳ್ಳೆಯದು, ಹೊಸದು ಮೊದಲ ದಿವಸವೇ ಬೊಬ್ಬೆ ಎಬ್ಬಿಸುತ್ತದೆ. ಹೊರಡುವ ಮುಂಚೆ ಮೂರು ವಾರ, ಗಿರಣಿಗೆ ಹೋಗುವ ಬಸ್ಸನ್ನು ಬಿಟ್ಟು ನಡೆದು ಹೋಗಿ ಬಂದರೆ ಕಾಲು ಸಿದ್ಧವಾಗುತ್ತದೆ. ಹೆಗಲ ಗಂಟು ಐದಾರು ಕಿಲೋ ಮೀರಬಾರದು. ತಲೆಗೆ ಬಿಳಿಯ ರುಮಾಲು, ಒಂದು ಹೊದಿಕೆ, ಬ್ಯಾಟರಿ, ಎರಡು ದೊಡ್ಡ ಬಾಟಲಿ ನೀರು, ಶೇಂಗಾದ ಚಟ್ನಿಪುಡಿ ಮತ್ತು ಕಟಕ ರೊಟ್ಟಿ ಇದ್ದರೆ ಸಾಕು.

ದಾಸೋಹದ ಬಗ್ಗೆಯೂ ಒಂದು ಮಾತು. ದಾರಿಯ ಹಳ್ಳಿಗಳಲ್ಲಿ, ಕನ್ನಡದವಿರಲಿ ತೆಲುಗಿನವಿರಲಿ, ಜನ ಕರೆದು ಉಣಿಸುತ್ತಾರೆ, ಕಾಲಿಗೆ ಬಿಸಿನೀರು ಕೊಡುತ್ತಾರೆ, ಎಣ್ಣೆ ತಿಕ್ಕಿಕೊಡುವವರೂ ಉಂಟು. ಪುಕ್ಕಟೆ ಎಂದು ಹೊಟ್ಟೆ ಬಿರಿಯುವಂತೆ ಉಂಡು ನಡೆಯಲಾರದೆ ಕೂಡುವವರನ್ನು ನೋಡಿದ್ದೇವೆ. ಹಸಿವಿಗೆ ಬೇಕಾದಷ್ಟು ಉಂಡು, ಪಾತ್ರೆ ತೊಳೆಯಲೋ ಬಡಿಸಲೋ ನಾಲ್ಕು ನಿಮಿಷ ಕೈಗೂಡಿಸಿದರೆ ಅವರಿಗೂ ಸಂತೋಷ. ವರ್ಷವಿಡೀ ಪರಸ್ಥಳದಲ್ಲಿ "ಎಲ್ಲಿಯವರು ನೀವು" ಎನ್ನಿಸಿಕೊಂಡು ಬದುಕುವ ನಮಗೆ, ಕಂಡರಿಯದವರು "ಬರ್ರಿ, ಕೂಡ್ರಿ, ಉಣ್ರಿ" ಎಂದು ಕೈಹಿಡಿದು ಕೂರಿಸುವ ಅನುಭವ ಬೇರೆ ಯಾವ ಪ್ರವಾಸದಲ್ಲಿಯೂ ದೊರೆಯಲಿಲ್ಲ.

ಹಬ್ಬದ ದಿವಸಗಳಲ್ಲಿ ಶ್ರೀಶೈಲದಲ್ಲಿ ಖೋಲಿ ಸಿಗುವ ಆಸೆ ಇಟ್ಟುಕೊಳ್ಳಬೇಡಿರಿ. ಬಯಲಿನಲ್ಲಿ ಗುಂಪಿನ ಜೊತೆಗೇ ಮಲಗುವುದು ಕ್ಷೇಮ. ಹಿಂದಿರುಗಲು ಹೈದರಾಬಾದಿಗೆ ನೇರ ಬಸ್ಸುಗಳಿವೆ. ಸುಮಾರು 215 ಕಿಲೋಮೀಟರು, ಆರು ತಾಸಿನ ದಾರಿ. ದೋಮಲಪೆಂಟದಿಂದ ಮನ್ನನೂರಿನ ವರೆಗಿನ ಕಾಡಿನ ರಸ್ತೆಯನ್ನು ರಾತ್ರಿ ಮುಚ್ಚುವುದರಿಂದ, ಮರುದಿವಸ ಹಾಜರಿ ಇರುವವರು ಮಧ್ಯಾಹ್ನದೊಳಗಿನ ಬಸ್ಸನ್ನೇ ಹಿಡಿಯಬೇಕು.

ಈ ಸಲ ಹೊರಡಲು ಇಚ್ಛೆಯುಳ್ಳವರು ಹೋಳಿ ಹುಣ್ಣಿಮೆಗೆ ಮುಂಚೆ ವಾಚನಾಲಯದ ನೋಂದಣಿ ಪುಸ್ತಕದಲ್ಲಿ ಹೆಸರು, ಸ್ವಂತ ಊರು, ಮನೆಯವರಿಗೆ ಸುದ್ದಿ ಮುಟ್ಟಿಸುವ ಫೋನ್ ಸಂಖ್ಯೆ, ಇದ್ದರೆ ಕಾಯಿಲೆಯ ವಿವರ ಬರೆಯಬೇಕು. ಹತ್ತು ಜನರಾದರೆ ಎರಡು ತುಕಡಿ ಮಾಡಿ, ಹಿಂದೆ ಹೋಗಿ ಬಂದವರೊಬ್ಬೊಬ್ಬರನ್ನು ಒಂದೊಂದಕ್ಕೆ ಹಚ್ಚುತ್ತೇವೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ ಇರತಕ್ಕದ್ದು.